ಸ್ಥಾಲೀಪುಲಾಕನ್ಯಾಯವೂ ಅಲ್ಪಪ್ರದೇಶಗಳ ಗಣನೆಯೂ

ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ನಿರ್ಣಯಿಸುವುದಕ್ಕೆ ಸ್ಥಾಲೀಪುಲಾಕನ್ಯಾಯವೆಂದು ಹೆಸರು. ಪತಂಜಲಿಯ ಮಹಾಭಾಷ್ಯದಷ್ಟು ಪ್ರಾಚೀನವಾದ ಈ ನ್ಯಾಯವು ವಾಚಕರಿಗೆ ವಿದಿತವೇ ಆಗಿದೆ. ಇಂದಿನ ಸಂಖ್ಯಾಶಾಸ್ತ್ರಜ್ಞರ ಮಾದರಿ ಸಮೀಕ್ಷೆಗೂ ಇದೇ ಆಧಾರ. ಆದರೆ ಅಗುಳುಗಳೆಲ್ಲವೂ ಒಂದೇ ಪಾತ್ರೆಯಲ್ಲಿ ಒಂದೇ ಉರಿಗೆ ಬೆಂದಿದ್ದರೆ ಮಾತ್ರ ನ್ಯಾಯವು ಸಲ್ಲುವುದು. ಪಾತ್ರೆಗಳು ಹಲವಾಗಿ, ಒಂದೊಂದರಿಂದ ನಮಗೆ ದೊರೆತ ಅಗುಳು ಎರಡು ಮೂರೇ ಆದರೆ ಏನು ಗತಿ? ಈ ಪ್ರಶ್ನೆಯಿಂದಲೇ ಅಲ್ಪಪ್ರದೇಶಗಳ ಅಂದಾಜು ಎಂಬ ಶಾಸ್ತ್ರಭಾಗವು ಹುಟ್ಟಿತು. ಕೊಡ್ಲಿಪೇಟೆಯನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ವಿವರಿಸಲು ಇಲ್ಲಿ ಉದ್ದೇಶಿಸಿದೆ.

ಕೊಡ್ಲಿಪೇಟೆಯು ಕೊಡಗಿನ ಉತ್ತರದ ಅಂಚಿನಲ್ಲಿ, ಹಾಸನ ಸೀಮೆಗೆ ತಾಗಿಕೊಂಡಿರುವ ಹೋಬಳಿ. ೨೦೧೧ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ೫,೫೪,೫೧೯. ರಾಜ್ಯದ ಜಿಲ್ಲೆಗಳಲ್ಲೆಲ್ಲ ಅತ್ಯಲ್ಪ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೭೦೭ ಜಿಲ್ಲೆಗಳ ೬,೩೬,೬೯೯ ಮನೆಗಳನ್ನು ವಿಚಾರಿಸಿದರು. ಜಿಲ್ಲೆಗೆ ಸರಾಸರಿ ಒಂಬತ್ತು ನೂರು ಮನೆಗಳಾದುವು. ಜಿಲ್ಲೆಯ ಸ್ಥಿತಿಯನ್ನು ತಿಳಿಯಲು ಇಷ್ಟು ಸಾಕು. ಅದನ್ನೇ ಹೋಬಳಿಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ ಬರುವುದು ಕೆಲವೇ ಮನೆಗಳು. ಯಾವುದಾದರೊಂದು ಹೋಬಳಿಗೆ ಏನೂ ಬಾರದಿರುವುದೂ ಅಸಂಭವವಲ್ಲ. ಜಿಲ್ಲೆಯ ಸರಾಸರಿಯನ್ನೇ ಹೋಬಳಿಗೂ ಹೇಳಿಬಿಡೋಣವೆಂದರೆ, ಭಾಗಮಂಡಲದ ಮಳೆಯೇ ಬೇರೆ, ಕುಶಾಲನಗರದ ಮಳೆಯೇ ಬೇರೆ. ಕೊಡಗು ಒಂದು ಪಾತ್ರೆಯಲ್ಲ.

ಭಾರತದ ವನಪರ್ವದಲ್ಲಿ ಋತುಪರ್ಣನು ರಥದಲ್ಲಿ ಹೋಗುತ್ತಲೇ ತಾರೆಯ ಮರವೊಂದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ ೨,೦೯೫ ಕಾಯಿಗಳೂ ಇರುವುವೆಂದು ಹೇಳುತ್ತಾನೆ. ಬಾಹುಕವೇಷದ ನಳನು ರಥವನ್ನು ನಿಲ್ಲಿಸಿ, ಎಣಿಸಿಯೇ ನೋಡುವೆನೆನ್ನುತ್ತಾನೆ. ಅಂದಾಜು ಮಾಡುವವನಿಗಿಂತ ಅದನ್ನು ಪರೀಕ್ಷಿಸುವ ನಳನ ಪಕ್ಷವೇ ನನಗೆ ಪ್ರಿಯ.

ಪ್ರಕೃತಕ್ಕೆ ಬರೋಣ. ಅಮೆರಿಕದ ಫೇ ಮತ್ತು ಹೆರಿಯಟ್ ಎಂಬಿಬ್ಬರು ೧೯೭೯ರಲ್ಲಿ ಒಂದು ಮಾರ್ಗವನ್ನು ಪ್ರಕಟಿಸಿದರು. ಸಾವಿರಕ್ಕಿಂತ ಕಡಿಮೆ ಜನರುಳ್ಳ ಊರುಗಳ ತಲಾ ಆದಾಯವನ್ನು ಅಲ್ಲಿ ನಿರ್ಣಯಿಸಬೇಕಾಗಿದ್ದಿತು. ಸರಕಾರದ ಹಣದ ಹಂಚಿಕೆಗೆ ಅದು ಬೇಕಾಗಿದ್ದಿತು. ಊರಿನ ಮಾದರಿಯಿಂದ ಬಂದ ಅಂಕಿಯೊಂದು. ತೆರಿಗೆಯ ಲೆಕ್ಕ ಮೊದಲಾದ ಅನ್ಯಸಾಧನಗಳಿಂದ ಊಹಿಸಿದ ಅಂಕಿ ಮತ್ತೊಂದು. ಇವೆರಡನ್ನೂ ತೂಕವಿಟ್ಟು ಬೆರೆಸಿದರು. ಊರಿನ ಮಾದರಿ ದೊಡ್ಡದಾದಷ್ಟೂ ಅದರ ಸ್ವಂತ ಅಂಕಿಗೆ ತೂಕ ಹೆಚ್ಚು; ಚಿಕ್ಕದಾದಷ್ಟೂ ಊಹೆಗೆ ತೂಕ ಹೆಚ್ಚು. ನೆರೆಹೊರೆಯಿಂದ ಬಲವನ್ನು ಎರವು ತರುವುದೆಂದರೆ ಇದೇ.

ಈ ಎರವು ಎಲ್ಲಿ ತೊಡಕಾಗುವುದೆಂಬುದನ್ನು ಭತ್ತದ ಬೆಳೆಯಿಂದ ನೋಡಬಹುದು. ೨೦೧೬ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಪ್ರದೇಶದ ಇಳುವರಿಯು ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಅಲ್ಲಿಯ ವಿಮೆ ಮಾಡಿಸಿದ ರೈತರೆಲ್ಲರಿಗೂ ಪರಿಹಾರ ಸಲ್ಲುತ್ತದೆ. ಇಳುವರಿಯನ್ನು ತಿಳಿಯಲು ಗದ್ದೆಯಲ್ಲಿ ನಿಯತವಾದ ಅಳತೆಯ ತುಂಡನ್ನು ಗುರುತಿಸಿ, ಕೊಯ್ದು, ಬಡಿದು, ತೂಗುತ್ತಾರೆ. ಇದು ಬೆಳೆ ಕಟಾವು ಪ್ರಯೋಗ. ಮುಖ್ಯ ಬೆಳೆಗೆ ಗ್ರಾಮ ಪಂಚಾಯತಿಯೊಂದರಲ್ಲಿ ಇಂತಹ ಪ್ರಯೋಗಗಳು ನಾಲ್ಕಾದರೂ ಇರಬೇಕೆಂದು ನಿಯಮ.

ಕಲ್ಪಿತವಾದ ಲೆಕ್ಕವೊಂದನ್ನು ಮಾಡೋಣ. ಕೊಡ್ಲಿಪೇಟೆಯ ಒಂದು ಪಂಚಾಯತಿಯ ನಾಲ್ಕು ತುಂಡುಗಳಿಂದ ಹೆಕ್ಟೇರಿಗೆ ೨೦ ಕ್ವಿಂಟಾಲು ಬಂದಿತೆನ್ನಿ. ಮಳೆಯ ಲೆಕ್ಕದಿಂದಲೂ ಇತರ ಪಂಚಾಯತಿಗಳ ಬೆಳೆಯಿಂದಲೂ ಊಹಿಸಿದರೆ ೨೮ ಬರುತ್ತದೆ. ನಾಲ್ಕೇ ತುಂಡುಗಳಾದುದರಿಂದ ಸ್ವಂತ ಅಂಕಿಗೆ ಕಾಲು ಭಾಗ, ಊಹೆಗೆ ಮುಕ್ಕಾಲು ಭಾಗ ತೂಕವಿಟ್ಟರೆ ಫಲವು ೨೬. ಗೊತ್ತುಪಡಿಸಿದ ಮಟ್ಟ ೨೪ ಆಗಿದ್ದರೆ, ಸ್ವಂತ ಅಂಕಿಯಂತೆ ಪರಿಹಾರ ಉಂಟು. ಬೆರೆಸಿದ ಅಂಕಿಯಂತೆ ಇಲ್ಲ.

ಯಾವುದು ಸರಿ? ನೂರಾರು ಪಂಚಾಯತಿಗಳನ್ನು ಒಟ್ಟಾಗಿ ನೋಡಿದರೆ ಬೆರೆಸಿದ ಅಂಕಿಗಳ ತಪ್ಪೇ ಕಡಿಮೆಯೆಂದು ಶಾಸ್ತ್ರಜ್ಞರು ತೋರಿಸಿದ್ದಾರೆ. ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಟ್ಟಿನಲ್ಲಿ ಸರಿಯಾದುದು ಒಂದೊಂದರಲ್ಲಿಯೂ ಸರಿಯಾಗಬೇಕಾಗಿಲ್ಲ. ಆ ವರ್ಷ ಆ ಕಣಿವೆಗೆ ಮಾತ್ರ ಬೆಂಕಿರೋಗ ಬಿದ್ದಿದ್ದರೆ ಮಳೆಯ ಲೆಕ್ಕವು ಅದನ್ನು ಅರಿಯದು. ಎಲ್ಲರಿಗಿಂತ ಹೆಚ್ಚು ಕೆಟ್ಟ ಊರನ್ನೇ ಈ ಮಾರ್ಗವು ಸರಾಸರಿಯ ಕಡೆಗೆ ಎಳೆಯುತ್ತದೆ. ಪರಿಹಾರವು ಬೇಕಾದುದಾದರೋ ಆ ಊರಿಗೇ.

೨೦೨೩ರ ಮುಂಗಾರಿನಿಂದ ಈ ಯೋಜನೆಯಲ್ಲಿ ಭತ್ತದ ಇಳುವರಿಗೆ ಉಪಗ್ರಹಾದಿಗಳಿಂದ ಊಹಿಸಿದ ಅಂಕಿಯನ್ನೂ ಶೇಕಡ ೩೦ರ ತೂಕದಲ್ಲಿ ಬೆರೆಸುವ ಏರ್ಪಾಡು ಬಂದಿದೆ. ಇಲ್ಲಿ ತೂಕವು ಮಾದರಿಯ ಗಾತ್ರವನ್ನು ಅನುಸರಿಸದೆ ಮೊದಲೇ ನಿಶ್ಚಿತವಾದುದು. ಆದುದರಿಂದ ಇದು ಫೇ–ಹೆರಿಯಟ್ ಮಾರ್ಗವಲ್ಲ, ಅದರ ದಾಯಾದಿಯೆನ್ನಬಹುದು. ಎರಡರಲ್ಲಿಯೂ ರೈತನು ಕೇಳಬೇಕಾದುದು ಒಂದೇ: ನನ್ನ ಗದ್ದೆಯ ಅಂಕಿಯೆಷ್ಟು, ಎರವು ತಂದುದೆಷ್ಟು? ಬೆರೆಸಿದ ಫಲದೊಡನೆ ಆ ಎರಡು ಅಂಕಿಗಳನ್ನೂ ಅವುಗಳ ತೂಕವನ್ನೂ ಪಂಚಾಯತಿಯ ಗೋಡೆಯ ಮೇಲೆ ಬರೆದಿಟ್ಟರೆ, ಬಾಹುಕನಂತೆ ಇಳಿದು ಎಣಿಸಬೇಕಾದ ಗದ್ದೆ ಯಾವುದೆಂಬುದು ಅಲ್ಲಿಯವರಿಗೆ ತಿಳಿದೀತು.