ಹಡಗಿನ ಭಾವಚಿತ್ರ



ಡಿಸೆಂಬರ್ 6 ಸಂತ ನಿಕೋಲಾಸರ ಹಬ್ಬ. ನಮ್ಮ ಮಕ್ಕಳಿಗೆ ಅವರು ಕ್ರಿಸ್ಮಸ್ ತಾತ. ಗ್ರೀಸ್ ದೇಶದ ಕಡಲತೀರದ ಜನರಿಗಾದರೋ ನಾವಿಕರ ಪಾಲಕ ಸಂತ. ಅವರು ಧರ್ಮಾಧ್ಯಕ್ಷರಾಗಿದ್ದ ಮೈರಾ ಇಂದಿನ ಟರ್ಕಿಯ ತೀರದಲ್ಲಿದೆ. ಸೆರೆಯಾಳಾಗಿ ರೋಮಿಗೆ ಹೊರಟಿದ್ದ ಸಂತ ಪೌಲರನ್ನು ಇನ್ನೊಂದು ಹಡಗಿಗೆ ಹತ್ತಿಸಿದ್ದೂ ಅಲ್ಲಿಯೇ ಎಂದು ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯ ತಿಳಿಸುತ್ತದೆ. ಬಿರುಗಾಳಿಗೆ ಸಿಕ್ಕ ಹಡಗನ್ನು ನಿಕೋಲಾಸರು ಕಾಪಾಡುತ್ತಿರುವ ಪೂಜ್ಯಚಿತ್ರಗಳು ಗ್ರೀಕರಲ್ಲಿವೆ. ಅವುಗಳಲ್ಲಿ ಸಂತರೇ ಮುಖ್ಯ, ಹಡಗು ನೆಪಮಾತ್ರ.

ಆದರೆ ಅದೇ ನಾವಿಕರು ಮನೆಯ ಗೋಡೆಗೆಂದು ಬರೆಸಿಕೊಂಡ ಚಿತ್ರಗಳಲ್ಲಿ ಹಡಗೇ ಸರ್ವಸ್ವ.

ಹೈಡ್ರಾ, ಸ್ಪೆಟ್ಸೆಸ್, ಪ್ಸಾರಾ ಎಂಬ ದ್ವೀಪಗಳಲ್ಲಿ ಬೇಸಾಯಕ್ಕಿಂತ ಕಡಲೇ ಜನರ ಜೀವನಾಧಾರ. ಗ್ರೀಕರು ಆಗ ತುರ್ಕರ ಆಳ್ವಿಕೆಯಲ್ಲಿದ್ದರು. ರಷ್ಯಾ ಮತ್ತು ತುರ್ಕರ ನಡುವೆ 1774ರಲ್ಲಿ ಆದ ಒಪ್ಪಂದದ ಬಳಿಕ ಕಪ್ಪುಸಮುದ್ರದ ಗೋಧಿ ವ್ಯಾಪಾರ ಈ ದ್ವೀಪದವರಿಗೂ ತೆರೆದುಕೊಂಡಿತು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದ ಕಣ್ಣು ತಪ್ಪಿಸಿ ಫ್ರಾನ್ಸ್ ತಲುಪಿದ ಗೋಧಿಗೆ ಕೈತುಂಬ ಹಣ ಸಿಗುತ್ತಿತ್ತು. ಸಿಕ್ಕಿಬಿದ್ದರೆ ಹಡಗೇ ಹೋಯಿತು.

ಮಾರ್ಸೇಲ್ ಬಂದರಿನ ದಕ್ಕೆಯ ಬಳಿ ಆಂಟನಿ ರೂ (1765–1835) ಎಂಬವರ ಅಂಗಡಿಯಿತ್ತು. ಸಮುದ್ರದ ನಕ್ಷೆ, ನೌಕಾಯಾನದ ಉಪಕರಣಗಳ ಮಾರಾಟ ಅವರ ವೃತ್ತಿ. ಜೊತೆಗೆ ಜಲವರ್ಣದಲ್ಲಿ ಹಡಗುಗಳನ್ನು ಬರೆಯುತ್ತಿದ್ದರು. ಅವರ ಕುಂಚದಿಂದ ಗ್ರೀಕ್ ಹಡಗುಗಳೂ ಮೂಡಿದವು. ಇಂತಹ ಚಿತ್ರಗಳಿಗೆ ಒಂದು ಕಟ್ಟುಪಾಡಿದೆ: ಹಡಗನ್ನು ಪಕ್ಕದಿಂದಲೇ ನೋಡಬೇಕು, ಹಾಯಿಗಳು ಬಿಚ್ಚಿರಬೇಕು, ಬಾವುಟ ಹಾರುತ್ತಿರಬೇಕು. ಕೆಳಗೆ ಹಡಗಿನ ಹೆಸರು, ಕಪ್ತಾನನ ಹೆಸರು, ಇಸವಿ.

ಇವು ಬಿಗಿಯಾದ ಚಿತ್ರಗಳು, ಜೀವಕಳೆ ಕಡಿಮೆ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಪಕ್ಕದಿಂದ ನೋಡಿದಾಗ ಮಾತ್ರ ಪ್ರತಿಯೊಂದು ಕಂಬ, ಅಡ್ಡಮರ, ಹಗ್ಗ ಬಿಡಿಬಿಡಿಯಾಗಿ ಕಾಣುತ್ತದೆ. ಹಣ ಕೊಡುವವನು ಅದೇ ಹಗ್ಗಗಳನ್ನು ಎಳೆದು ಕೈ ಒರಟಾದ ಮನುಷ್ಯ. ಅಲೆಗಳು ಹೇಗಿದ್ದರೂ ಆತ ಸುಮ್ಮನಿದ್ದಾನು. ಒಂದು ಹಗ್ಗ ತಪ್ಪಿದರೆ ಬಿಟ್ಟಾನೆಯೇ? ಅಲ್ಲಿನ ಅನೇಕ ಹಡಗುಗಳ ಹಾಯಿಕಂಬ ಜೋಡಣೆಯಿಲ್ಲದ ಒಂದೇ ಮರ. ಗಾಳಿ ಹಠಾತ್ತನೆ ಬಲಗೊಂಡರೆ ಅಡ್ಡಮರಗಳನ್ನು ತಡೆಯಿಲ್ಲದೆ ಸರ್ರನೆ ಕೆಳಗಿಳಿಸಬಹುದಿತ್ತು. ಜೀವ ಉಳಿಸುವ ಅಂಥ ವಿವರವನ್ನು ಚಿತ್ರಕಾರ ಹೇಗೆ ತಾನೇ ಬಿಟ್ಟಾನು! ತಿಂಗಳುಗಟ್ಟಲೆ ಸುದ್ದಿಯಿಲ್ಲದ ಗಂಡನಿಗಾಗಿ ಕಾದು ಕುಳಿತ ಮಡದಿಯೂ ಗೋಡೆಯ ಮೇಲಿನ ಆ ಕಂಬವನ್ನೇ ನೋಡುತ್ತಿದ್ದಿರಬೇಕು.

1821ರಲ್ಲಿ ಸ್ವಾತಂತ್ರ್ಯ ಸಮರ ಆರಂಭವಾದಾಗ ಗೋಧಿ ಹೊತ್ತ ಹಡಗುಗಳೇ ಯುದ್ಧನೌಕೆಗಳಾದವು. ಕಡಲ್ಗಳ್ಳರ ಭಯದಿಂದ ಫಿರಂಗಿಗಳು ಮೊದಲೇ ಅವುಗಳಲ್ಲಿದ್ದವು. 1824ರಲ್ಲಿ ತುರ್ಕರು ಪ್ಸಾರಾ ದ್ವೀಪವನ್ನು ಸುಟ್ಟು ಹಾಳುಗೆಡವಿದರು; ಜನ ಸತ್ತರು, ಉಳಿದವರು ಚದುರಿಹೋದರು. ಹಡಗುಗಳು ಹೇಗಿದ್ದವು ಎಂದು ಕೇಳಿದರೆ ತೋರಿಸಲು ಇಂಥ ಹಾಳೆಗಳೇ ಆಸರೆ.

ಕೊರಿಂಥ ಕೊಲ್ಲಿಯ ಗಲಕ್ಸೀದಿ ಎಂಬ ಊರೂ 1821ರಲ್ಲಿ ಸುಟ್ಟುಹೋಯಿತು. ಅಲ್ಲಿನವರು ಎದೆಗುಂದದೆ ಮತ್ತೆ ಹಡಗು ಕಟ್ಟಿದರು, ಮತ್ತೆ ಚಿತ್ರ ಬರೆಸಿದರು. ಈ ಸಲ ಸೋಲಿಸಿದ್ದು ಬೆಂಕಿಯಲ್ಲ, ಹಬೆಯಂತ್ರ. ಹಾಯಿಯನ್ನೇ ನಂಬಿ ಕುಳಿತ ಊರನ್ನು ಹೊಗೆಹಡಗುಗಳು ಹಿಂದೆ ಹಾಕಿದವು. ಊರಿನ ನೌಕಾ ವಸ್ತುಸಂಗ್ರಹಾಲಯದಲ್ಲಿ ಇಂದು ಆ ಚಿತ್ರಗಳು ಸಾಲಾಗಿವೆ, ಹಾಯಿಗಳೆಲ್ಲ ಗಾಳಿ ತುಂಬಿಕೊಂಡು ಉಬ್ಬಿವೆ. ಅದೇ ಊರಿನ ದೇವಾಲಯದ ಹೆಸರು ಸಂತ ನಿಕೋಲಾಸ್.