ವಿದ್ಯುತ್ತಿನಿಂದ ಶಾಖ ಹುಟ್ಟುವ ಬಗೆ

ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಗಳಲ್ಲಿ ಮಾಗಿಯ ಚಳಿ ಬಂದಿತೆಂದರೆ ಮುಂಜಾನೆಯ ಸ್ನಾನಕ್ಕೆ ಬಿಸಿನೀರು ಬೇಕೇ ಬೇಕು. ಹಿಂದೆ ಬಚ್ಚಲ ಒಲೆಗೆ ಸೌದೆಯಿಟ್ಟು ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಹೀಟರ್ ಎಂದು ಕರೆಯುವ ಸರಳನ್ನು ಬಕೀಟಿನೊಳಗೆ ಇಳಿಸಿ ಸ್ವಿಚ್ಚು ಹಾಕುತ್ತಾರೆ. ಇಲ್ಲಿ ವಿಚಾರಶೀಲರಾದ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹೊಳೆಯಬೇಕು. ಗೋಡೆಯಿಂದ ಬರುವ ತಂತಿಯಲ್ಲಿಯೂ ಸರಳಿನಲ್ಲಿಯೂ ಹರಿಯುವುದು ಒಂದೇ ವಿದ್ಯುತ್ಪ್ರವಾಹ. ಹಾಗಿದ್ದರೂ ಸರಳು ಸುಡುವಂತೆ ಕಾಯುವುದೇಕೆ? ತಂತಿ ತಣ್ಣಗೆ ಉಳಿಯುವುದೇಕೆ? ಇದರ ಉತ್ತರವನ್ನು ಬಲ್ಲವರು ಮನೆಯನ್ನು ಬೆಂಕಿಯ ಅಪಾಯದಿಂದ ಕಾಪಾಡುವುದನ್ನೂ ಬಲ್ಲರು.

ಲೋಹದ ತಂತಿಯಲ್ಲಿ ಎಲೆಕ್ಟ್ರಾನುಗಳೆಂಬ ಅತಿ ಸೂಕ್ಷ್ಮ ಕಣಗಳ ಚಲನೆಯೇ ವಿದ್ಯುತ್ಪ್ರವಾಹ. ಚಂದ್ರಚೂಡೇಶ್ವರ ಸ್ವಾಮಿಯ ತೇರಿನ ದಿನ ಇಕ್ಕಟ್ಟಾದ ಬೀದಿಯಲ್ಲಿ ಸಾಗುವವರು ಒಬ್ಬರಿಗೊಬ್ಬರು ತಾಗದೆ ನಡೆಯಲಾರರು. ಅಂತೆಯೇ ಈ ಕಣಗಳು ಲೋಹದ ಪರಮಾಣುಗಳಿಗೆ ತಾಗುತ್ತ ಮುಂದುವರಿಯುತ್ತವೆ. ತಾಗಿದಾಗಲೆಲ್ಲ ಪರಮಾಣುಗಳ ಕಂಪನ ಹೆಚ್ಚುತ್ತದೆ. ಆ ಕಂಪನವೇ ನಮಗೆ ಶಾಖವಾಗಿ ತೋರುತ್ತದೆ. ಹೀಗೆ ಪ್ರವಾಹಕ್ಕೆ ಒದಗುವ ತಡೆಗೆ ರೋಧವೆಂದು ಹೆಸರು. ರೋಧಕ್ಕೂ ಪ್ರವಾಹಕ್ಕೂ ಇರುವ ಸಂಬಂಧವನ್ನು ೧೮೨೭ರಲ್ಲಿ ಜರ್ಮನಿಯ ಓಮ್ ಎಂಬ ಉಪಾಧ್ಯಾಯನು ಪ್ರಕಟಿಸಿದನು. ರೋಧವನ್ನು ಅಳೆಯುವ ಮಾನಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.

೧೮೪೦ರ ಸುಮಾರಿನಲ್ಲಿ ಇಂಗ್ಲೆಂಡಿನ ಜೌಲ್ ಎಂಬುವನು ಈ ಶಾಖದ ಲೆಕ್ಕವನ್ನು ಕಂಡುಕೊಂಡನು. ಪ್ರವಾಹವನ್ನು ಪ್ರವಾಹದಿಂದಲೇ ಗುಣಿಸಿ, ಬಂದುದನ್ನು ರೋಧದಿಂದ ಗುಣಿಸಿದರೆ, ಒಂದೊಂದು ಸೆಕೆಂಡಿಗೆ ಹುಟ್ಟುವ ಶಾಖ ದೊರೆಯುತ್ತದೆ. ಆದುದರಿಂದ ರೋಧ ಇಮ್ಮಡಿಯಾದರೆ ಶಾಖ ಇಮ್ಮಡಿ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ.

ಈಗ ನಮ್ಮ ಬಕೀಟಿಗೆ ಬರೋಣ. ಮನೆಯ ವಿದ್ಯುತ್ತಿನ ಒತ್ತಡ ೨೩೦ ವೋಲ್ಟ್. ೧,೫೦೦ ವಾಟಿನ ಸರಳಿನಲ್ಲಿ ಸುಮಾರು ೬.೫ ಆಂಪಿಯರ್ ಪ್ರವಾಹ ಹರಿಯುತ್ತದೆ. ಅದರ ರೋಧ ಸುಮಾರು ೩೫ ಓಮ್. ಅದಕ್ಕೆ ವಿದ್ಯುತ್ತನ್ನು ತರುವ ತಾಮ್ರದ ತಂತಿಯ ರೋಧ, ಹೋಗಿ ಬರುವ ದಾರಿ ಸೇರಿ, ೦.೧ ಓಮ್ ಎಂದಿಟ್ಟುಕೊಳ್ಳಿ. ಜೌಲನ ಲೆಕ್ಕದಂತೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ವಾಟಿಗಿಂತ ತುಸು ಹೆಚ್ಚು, ಅಷ್ಟೆ. ಅದೂ ತಂತಿಯ ಉದ್ದಕ್ಕೆಲ್ಲ ಹಂಚಿ ಗಾಳಿಯಲ್ಲಿ ಆರಿಹೋಗುತ್ತದೆ. ಉಳಿದ ಶಾಖವೆಲ್ಲ ಸರಳಿನಲ್ಲಿಯೇ ಹುಟ್ಟಿ ನೀರಿಗೆ ಸೇರುತ್ತದೆ. ೨೦ ಡಿಗ್ರಿಯ ೧೫ ಲೀಟರ್ ನೀರನ್ನು ೪೫ ಡಿಗ್ರಿಗೆ ಏರಿಸಲು ಹದಿನೆಂಟು ನಿಮಿಷ ಸಾಕು. ಖರ್ಚಾಗುವುದು ಅರ್ಧ ಯೂನಿಟ್ಟಿಗಿಂತ ಕಡಮೆ.

ಸರಳಿನೊಳಗೆ ನೈಕ್ರೋಮ್ ಎಂಬ ಮಿಶ್ರಲೋಹದ ಸುರುಳಿಯಿದೆ. ಅದು ನಿಕ್ಕಲ್ ಮತ್ತು ಕ್ರೋಮಿಯಂಗಳ ಮಿಶ್ರಣ. ಒಂದೇ ಉದ್ದ, ಒಂದೇ ದಪ್ಪದ ತಾಮ್ರಕ್ಕಿಂತ ಅದರ ರೋಧ ಸುಮಾರು ೬೦ ಮಡಿ ಹೆಚ್ಚು. ಕೆಂಪಗೆ ಕಾದರೂ ಅದು ಬೇಗ ಸುಟ್ಟು ಸವೆಯದು. ಇಸ್ತ್ರಿ ಪೆಟ್ಟಿಗೆಯಲ್ಲಿಯೂ ವಿದ್ಯುತ್ ಒಲೆಯಲ್ಲಿಯೂ ಇಂಥದೇ ಸುರುಳಿಯಿರುತ್ತದೆ.

ಶಾಖವು ಬೇಡವಾದ ಕಡೆ ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ೧೯೦೨ರಲ್ಲಿ ಮೈಸೂರು ಸಂಸ್ಥಾನದವರು ಶಿವನಸಮುದ್ರದ ಕಾವೇರಿ ಜಲಪಾತದಿಂದ ವಿದ್ಯುತ್ತನ್ನು ತೆಗೆದು, ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. ಅಷ್ಟುದ್ದದ ತಂತಿಯಲ್ಲಿ ಶಕ್ತಿಯೆಲ್ಲ ಶಾಖವಾಗಿ ಸೋರಿಹೋಗಬಾರದಷ್ಟೆ! ಅದಕ್ಕಾಗಿ ಒತ್ತಡವನ್ನು ೩೦,೦೦೦ ವೋಲ್ಟಿಗೂ ಮೇಲಕ್ಕೆ ಏರಿಸಿದರು. ಒತ್ತಡ ಹತ್ತು ಮಡಿಯಾದರೆ, ಅಷ್ಟೇ ಶಕ್ತಿಯನ್ನು ಒಯ್ಯಲು ಹತ್ತನೆಯ ಒಂದು ಪಾಲು ಪ್ರವಾಹ ಸಾಕು. ದಾರಿಯ ನಷ್ಟ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ.

ಮನೆಯ ಪ್ಲಗ್ಗಿಗೂ ಇದೇ ನಿಯಮ ಅನ್ವಯಿಸುತ್ತದೆ. ಪ್ಲಗ್ಗಿನ ಕಡ್ಡಿ ಸಡಿಲವಾಗಿದ್ದರೆ, ಇಲ್ಲವೆ ತಂತಿಯ ತಿರುಪು ಬಿಗಿಯಾಗಿಲ್ಲದಿದ್ದರೆ, ಆ ಒಂದೆಡೆ ರೋಧ ಹೆಚ್ಚುತ್ತದೆ. ಅದು ಕೇವಲ ಒಂದು ಓಮಿನಷ್ಟಾದರೂ ಅಲ್ಲಿ ಹುಟ್ಟುವ ಶಾಖ ೪೦ ವಾಟ್. ರೇಡಿಯೋ ರಿಪೇರಿಯವರು ಬೆಸುಗೆಯ ಸೀಸ ಕರಗಿಸಲು ಬಳಸುವ ಕಡ್ಡಿಗೆ ೨೫ ವಾಟ್ ಸಾಕೆಂಬುದನ್ನು ನೆನೆದರೆ, ಪ್ಲಗ್ಗು ಕಪ್ಪಾಗುವುದೂ ಕರಗುವುದೂ ಏಕೆಂಬುದು ತಿಳಿದೀತು. ತೆಳುವಾದ ತಂತಿಯಿಂದ ಹೀಟರಿಗೆ ವಿದ್ಯುತ್ತು ಕೊಡುವುದೂ, ಒಂದೇ ಪ್ಲಗ್ಗಿನಿಂದ ಹೀಟರು ಮತ್ತು ಇಸ್ತ್ರಿ ಪೆಟ್ಟಿಗೆಗಳೆರಡನ್ನೂ ನಡೆಸುವುದೂ ಇಂಥದೇ ಅಪಾಯ.

ಸರಳಿನ ಲೋಹದ ಕೊಳವೆಗೂ ಒಳಗಿನ ಸುರುಳಿಗೂ ನಡುವೆ ಒಂದು ಬಗೆಯ ಬಿಳಿಯ ಪುಡಿಯನ್ನು ತುಂಬಿರುತ್ತಾರೆ. ಅದು ಶಾಖವನ್ನು ಹೊರಗೆ ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಕೊಳವೆ ಬಿರುಕುಬಿಟ್ಟರೆ ವಿದ್ಯುತ್ತು ನೀರಿಗೂ ಇಳಿದೀತು. ಆದಕಾರಣ ಸ್ವಿಚ್ಚು ತೆಗೆದು, ಪ್ಲಗ್ಗು ಕಿತ್ತ ಮೇಲೆಯೇ ನೀರನ್ನು ಮುಟ್ಟಬೇಕು. ನೀರಿಲ್ಲದೆ ಸರಳನ್ನು ಉರಿಸಲೂ ಬಾರದು. ಹೊರಹೋಗಲು ದಾರಿಯಿಲ್ಲದ ಶಾಖವು ಸುರುಳಿಯನ್ನೇ ಸುಡುತ್ತದೆ.

ಪೋಷಕರಲ್ಲಿ ಒಂದು ವಿನಂತಿ. ನಾಳೆ ನೀರು ಕಾದ ಮೇಲೆ ಸ್ವಿಚ್ಚು ತೆಗೆದು, ಪ್ಲಗ್ಗಿನ ಹಿಡಿಯನ್ನು ಹೊರಗಿನಿಂದ ಮುಟ್ಟಿ ನೋಡಿ. ಅದು ಬಿಸಿಯಾಗಿದ್ದರೆ, ಅಥವಾ ಅದರ ಬಣ್ಣ ಕಂದಿದ್ದರೆ, ಬಲ್ಲ ಕೆಲಸಗಾರನಿಂದ ಸರಿಪಡಿಸಿದ ಹೊರತು ಮತ್ತೆ ಬಳಸಬೇಡಿ. ಅದು ಬಿಸಿಯಾದುದೇಕೆಂದು ಮನೆಯ ಮಕ್ಕಳನ್ನು ಕೇಳಿ. ಈ ಲೇಖನವನ್ನು ಓದಿದ ವಿದ್ಯಾರ್ಥಿ ಲೆಕ್ಕ ಹಾಕಿಯೇ ಉತ್ತರ ಹೇಳಬಲ್ಲನು.