ರಬ್ಬರ್ ಅಲ್ಲದ ರಬ್ಬರ್ ದೋಣಿ

ಸೇಡಂ ತಾಲೂಕಿನ ಆಡಕಿಯಿಂದ ಓದುಗರೊಬ್ಬರು ಕೇಳಿದ್ದಾರೆ: "ಸರ, ಕೆರಿಯೊಳಗ ಮೀನ ಹಿಡೀಲಿಕ್ಕ ಗಾಳಿ ತುಂಬೋ ರಬ್ಬರ್ ದೋಣಿ ತಂದೀನ್ರಿ. ಜಾಲಿ ಮುಳ್ಳು ಚುಚ್ಚಿ ತೂತು ಬಿತ್ತು. ಪಂಚರ್ ಅಂಗಡ್ಯಾಗ ಸಲೂಷನ್ ಹಚ್ಚಿಸಿದೆ, ಎಂಟು ದಿನಕ್ಕ ತ್ಯಾಪಿ ಎದ್ದು ಬಂತು. ಅಮಾಸಿ ದಿನ ಹಚ್ಚಿದ್ದಕ್ಕ ಹಿಂಗಾಯ್ತು ಅಂತಾರ. ಖರೇ ಏನ್ರಿ?"

ಅಮಾವಾಸ್ಯೆಯ ತಪ್ಪು ಏನೂ ಇಲ್ಲ. ತಪ್ಪಿರುವುದು 'ರಬ್ಬರ್ ದೋಣಿ' ಎಂಬ ಹೆಸರಿನಲ್ಲಿ. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ಉಕ್ಕಿ ಬಂದಾಗ ಜನರನ್ನು ದಡ ಸೇರಿಸಿದ ದೋಣಿಗಳನ್ನೂ ನಾವು ಹಾಗೇ ಕರೆದೆವು. ಆದರೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಗಾಳಿದೋಣಿಗಳಲ್ಲಿ ಹೆಚ್ಚಿನವು ಪಿವಿಸಿಯವು. ನಿಮ್ಮ ಹೊಲಕ್ಕೆ ನೀರು ತರುವ ಗಟ್ಟಿ ಪೈಪು ಇದೆಯಲ್ಲ, ಅದೇ ವಸ್ತು!

ಅಷ್ಟು ಗಡಸಾದದ್ದು ಬಟ್ಟೆಯಂತೆ ಮಡಚುವುದು ಹೇಗೆ? ಇಲ್ಲಿದೆ ನನಗೆ ಬಲು ಇಷ್ಟವಾದ ಕತೆ. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯ ವಾಲ್ಡೊ ಸೀಮನ್ ಹುಡುಕುತ್ತಿದ್ದದ್ದು ರಬ್ಬರನ್ನು ಲೋಹಕ್ಕೆ ಹಿಡಿಸುವ ಅಂಟನ್ನು. ಯಾರಿಗೂ ಬೇಡವಾಗಿದ್ದ ಪಿವಿಸಿಯನ್ನು ಸುಲಭಕ್ಕೆ ಆವಿಯಾಗದ ದ್ರವದಲ್ಲಿ ಹಾಕಿ ಕಾಯಿಸಿದ. ಅಂಟು ಸಿಗಲಿಲ್ಲ, ಬಗ್ಗುವ, ಪುಟಿಯುವ ಹೊಸ ವಸ್ತುವೊಂದು ಸಿಕ್ಕಿತು. ಅಂಟು ಹುಡುಕುವಾಗ ಹುಟ್ಟಿದ ಕೂಸು ಇಂದು ಅಂಟಿಗೇ ಮಣಿಯುವುದಿಲ್ಲ!

ಏಕೆಂದರೆ ಅದನ್ನು ಮೆತ್ತಗಾಗಿಸಿದ ಎಣ್ಣೆಯಂಥ ದ್ರವ ಪಿವಿಸಿಗೆ ಗಂಟು ಬಿದ್ದಿರುವುದಿಲ್ಲ, ಅದರ ಅಣುಸರಪಳಿಗಳ ನಡುವೆ ಸುಮ್ಮನೆ ಸೇರಿಕೊಂಡಿರುತ್ತದೆ. ಅವಕಾಶ ಸಿಕ್ಕರೆ ಪಕ್ಕದ ಮನೆಗೆ ಹೊರಟುಬಿಡುತ್ತದೆ. ಮಕ್ಕಳ ಕಂಪಾಸ್ ಪೆಟ್ಟಿಗೆ ತೆರೆದು ನೋಡಿ. ಬೇಸಿಗೆ ರಜೆಯುದ್ದಕ್ಕೂ ಒಟ್ಟಿಗಿದ್ದ ಅಳಿಸುವ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡು, ಕಿತ್ತರೆ ಅಲ್ಲಿ ಕರಗಿದ ಗುಳಿ ಬಿದ್ದಿರುತ್ತದೆ. ನಾನು ಶಾಲೆಯಲ್ಲಿದ್ದಾಗ ಹೀಗೆ ಎರಡು ಸ್ಕೇಲು ಕಳೆದುಕೊಂಡಿದ್ದೆ. ಆ 'ರಬ್ಬರ್' ಕೂಡ ರಬ್ಬರಲ್ಲ, ಮೆದು ಪಿವಿಸಿ! ಸ್ಕೇಲನ್ನು ಕರಗಿಸಿದ್ದು ಅದರೊಳಗಿಂದ ಹೊರಟ ದ್ರವ. ನಿಮ್ಮ ತ್ಯಾಪಿಯ ಕೆಳಗೂ ಇದೇ ನಡೆದಿದೆ. ಸಲೂಷನ್ ಎಂದರೆ ದ್ರಾವಕದಲ್ಲಿ ಕರಗಿಸಿದ ರಬ್ಬರು. ಸೈಕಲ್ ಟ್ಯೂಬು ಅದಕ್ಕೆ ಸ್ವಂತ ಬಳಗ. ಪಿವಿಸಿಯಲ್ಲಿ ಅದಕ್ಕೆ ಮೊದಲೇ ಹಿಡಿತ ಕಡಿಮೆ. ಮೇಲೆ ಈ ದ್ರವವೂ ನುಗ್ಗಿದರೆ ಅಂಟು ಬೆಲ್ಲದ ಪಾಕದಂತೆ ಸಡಿಲವಾಗುತ್ತದೆ. ಚಪ್ಪಲಿ ಹೊಲಿಯುವವರ ಹಳದಿ ಅಂಟಿನದೂ ಇದೇ ಪಾಡು. ಪೈಪಿನ ಅಂಟು ಪಿವಿಸಿಯನ್ನು ಹಿಡಿಯುತ್ತದೆ ನಿಜ, ಆದರೆ ಒಣಗಿ ಗಡಸಾಗಿ, ದೋಣಿ ಮಡಚಿದಾಗ ಸೀಳುತ್ತದೆ. ಕ್ಷಣದಲ್ಲಿ ಹಿಡಿಯುವ ಚಿಕ್ಕ ಟ್ಯೂಬಿನ ಅಂಟೂ ಹಾಗೆಯೇ.

ನಿಮಗೆ ಬೇಕಾದದ್ದು ಪಾಲಿಯುರೆಥೇನ್ ಅಂಟು, ಅದರಲ್ಲೂ ಗಟ್ಟಿಕಾರಕವನ್ನು ಬೇರೆಯಾಗಿ ಬೆರೆಸುವ ಎರಡು ಡಬ್ಬಿಯದು. ಅದು ಪಿವಿಸಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಜೊತೆಗೇ ಬಾಗುತ್ತದೆ, ಆ ದ್ರವಕ್ಕೂ ಜಗ್ಗುವುದಿಲ್ಲ. ತ್ಯಾಪಿಯೂ ಪಿವಿಸಿಯದೇ ಇರಲಿ. ದೋಣಿ ಹೈಪಲಾನ್ ಎಂಬ ಕೃತಕ ರಬ್ಬರಿನದಾಗಿದ್ದರೆ ಮಾತ್ರ ನಿಯೋಪ್ರೀನ್ ಅಂಟು.

ಇನ್ನು ಅಮಾವಾಸ್ಯೆ. ಅಂಟು ಪಂಚಾಂಗ ನೋಡುವುದಿಲ್ಲ, ತಿಥಿಗೆ ಹೆದರಿ ಕೆಲಸ ನಿಲ್ಲಿಸಬೇಡಿ. ಆದರೆ ಅದು ಗಾಳಿಯ ತೇವವನ್ನು ಖಂಡಿತ ನೋಡುತ್ತದೆ! ಗಟ್ಟಿಕಾರಕದ ಐಸೊಸಯನೇಟ್‌ಗೆ ನೀರಾವಿ ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಅಂಟಿನಲ್ಲಿ ಗುಳ್ಳೆ ಏಳುತ್ತವೆ. ಹಾಗಾಗಿ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಬೇಡ. ನಿಮ್ಮ ಕಡೆಯ ಮೇ ತಿಂಗಳ ಉರಿಬಿಸಿಲೂ ಬೇಡ, ಅಂಟಿನ ಮೇಲ್ಪದರ ಬೇಗ ಒಣಗಿಬಿಡುತ್ತದೆ. ಮಾರ್ಗಶಿರದ ಒಣಹವೆಯ ನಡುಹಗಲು ಒಳ್ಳೆಯದು.

ಶಹಾಬಾದ್ ಕಲ್ಲಿನ ನುಣುಪು ಹಾಸಿನ ಮೇಲೆ, ಬಯಲಲ್ಲಿ, ಆವಿ ಮೂಗಿಗೆ ಹೋಗದಂತೆ ಕೂತು ಕೆಲಸ ಮಾಡಿ. ಹಳೆಯ ಸಲೂಷನ್ ಪೂರ್ತಿ ತೆಗೆದು, ಎರಡೂ ಕಡೆ ತೆಳ್ಳಗೆ ಎರಡು ಸಲ ಅಂಟು ಸವರಿ. ಪ್ರತಿ ಸಲವೂ ಆರಲು ಬಿಡಿ, ಹಸಿ ಇದ್ದಾಗಲೇ ಒತ್ತುವುದೇ ಎಲ್ಲರ ಆತುರ. ಬೆರಳಿಗೆ ಹತ್ತದಷ್ಟು ಆರಿದ ಮೇಲೆ ತ್ಯಾಪಿ ಕೂರಿಸಿ, ಲಟ್ಟಣಿಗೆಯಿಂದ ನಡುವಿನಿಂದ ಅಂಚಿಗೆ ಬಲವಾಗಿ ಉಜ್ಜಿ. ಒಂದು ಇಡೀ ಹಗಲುರಾತ್ರಿ ಗಾಳಿ ತುಂಬಬೇಡಿ. ಆಮೇಲೆ ತುಂಬಿ, ಸೋಪಿನ ನೀರು ಸವರಿ, ಅಂಚಿನಲ್ಲಿ ಗುಳ್ಳೆ ಏಳುತ್ತದೆಯೇ ನೋಡಿ ಬರೆಯಿರಿ.